ಹಾಸಿಗೆ ಹರಡುವಷ್ಟು ನೆಲ

ನಮ್ಮ ಅಂಗಡಿಯಲ್ಲಿ ದೊಡ್ಡ ಮಾತುಗಳನ್ನೆಲ್ಲ ಹಾಸಿಗೆಯ ಎರಡು ಬದಿಗೆ ನಿಂತೇ ಆಡಿ ಅಭ್ಯಾಸ. ಹತ್ತಿ ತುಂಬಿ ಬಾಯಿ ಹೊಲಿದ ಹಾಸಿಗೆಯನ್ನು ಗೋಡೆಯ ಹಾಗೆ ನೆಟ್ಟಗೆ ನಿಲ್ಲಿಸಿ ಮರದ ಚೌಕಟ್ಟಿಗೆ ಒರಗಿಸುತ್ತೇವೆ. ಈ ಕಡೆ ಅತ್ತೆ, ಆ ಕಡೆ ನಾನು. ಅವರು ದಬ್ಬಣ ಚುಚ್ಚುತ್ತಾರೆ. ನಾನು ಅದನ್ನು ಎಳೆದುಕೊಂಡು ಎರಡು ಬೆರಳು ಪಕ್ಕಕ್ಕೆ ತಿರುಗಿ ಚುಚ್ಚುತ್ತೇನೆ. ಅವರು ದಾರ ಬಿಗಿದು ಗಂಟು ಹಾಕುತ್ತಾರೆ. ಒಳಗಿನ ಹತ್ತಿ ಜರುಗದಂತೆ ಹಿಡಿದಿಡುವುದು ಆ ಗಂಟುಗಳೇ. ಮಧ್ಯೆ ಒಂದು ಗೇಣು ಹತ್ತಿ ಇರುವುದರಿಂದ ಒಬ್ಬರ ಮುಖ ಒಬ್ಬರಿಗೆ ಕಾಣುವುದಿಲ್ಲ, ದನಿ ಮಾತ್ರ ಕೇಳುತ್ತದೆ. ನಾನು ಬಸುರಿ ಎಂದು ಅವರಿಗೆ ಮೊದಲು ಹೇಳಿದ್ದು ಹಾಗೆಯೇ. ತಮ್ಮ ಕಣ್ಣಿಗೆ ಪೊರೆ ಬಂದಿದೆ ಎಂದು ಅವರು ಒಪ್ಪಿಕೊಂಡಿದ್ದೂ ಹಾಗೆಯೇ.

ಆವತ್ತು ದಬ್ಬಣದ ತುದಿ ನನ್ನ ಕಡೆ ಹೊರಬರುವುದಕ್ಕೂ ಅವರು ಬಾಯಿ ತೆರೆಯುವುದಕ್ಕೂ ಸರಿಹೋಯಿತು.

"ಹಿಂಕೋಣೆನ ಮಂದಿರಕ್ಕೆ ಬರೆದುಕೊಡ್ತಾ ಇದೀನಿ ಕಣೆ."

ನನ್ನ ಕೈ ಮೇಲೇಳಲಿಲ್ಲ. ದಬ್ಬಣ ಬಟ್ಟೆಯಿಂದ ಇಣುಕಿಕೊಂಡು ಹಾಗೆಯೇ ನಿಂತಿತು.

"ಎಳಿ," ಅಂದರು ಅತ್ತೆ.

ಎಳೆದೆ.

ಕೆಲಸ ಮಾಡುತ್ತಲೇ ಉಳಿದದ್ದನ್ನೂ ಹೇಳಿದರು. ಕಣ್ಣಿನ ಆಪರೇಷನ್ನಿಗೆ ಮುಂಚೆ ಎಲ್ಲವನ್ನೂ ಒಂದು ದಡ ಮುಟ್ಟಿಸಬೇಕು ಅನ್ನಿಸಿದೆಯಂತೆ. ರಸ್ತೆಗೆ ಮುಖ ಮಾಡಿರುವ ಮುಂದಿನ ಅಂಗಡಿ ಇಬ್ಬರು ಗಂಡುಮಕ್ಕಳಿಗೆ ಸಮಪಾಲು. ಅಂಗಡಿಯ ಹಿಂದಿನ ಕೋಣೆ ಪ್ರಾರ್ಥನಾ ಮಂದಿರಕ್ಕೆ. ಅವರು ಇರುವ ತನಕ ಎಲ್ಲವೂ ಅವರದೇ, ಆಮೇಲೆ ಹೀಗೆ. ಮುಂದಿನ ವಾರ ಲಾಯರಮ್ಮನ ಹತ್ತಿರ ಹೋಗಿ ವಿಲ್ ಬರೆಸುವುದು. ಜೊತೆಗೆ ನಾನೇ ಬರಬೇಕು, ಮೆಟ್ಟಿಲು ಜಾಸ್ತಿ ಇವೆ.

ಹೂಂ ಅಂದೆ. ಆ ಸಾಲಿನ ಗಂಟುಗಳನ್ನೆಲ್ಲ ಅಗತ್ಯಕ್ಕಿಂತ ಬಿಗಿಯಾಗಿ ಎಳೆದಿದ್ದೆ ಅಂತ ಕಾಣುತ್ತದೆ. ಆ ಹಾಸಿಗೆ ತೆಗೆದುಕೊಂಡು ಹೋದ ಗಿರಾಕಿ ಆಮೇಲೆ ಬಂದು, ಒಂದು ಪಟ್ಟಿ ಮಾತ್ರ ಬೆನ್ನಿಗೆ ಒತ್ತುತ್ತದೆ ಎಂದು ದೂರಿದ.

ಅಂಗಡಿಯೂ ಕೋಣೆಯೂ ಅತ್ತೆಯ ಸ್ವಂತ ಸಂಪಾದನೆ. ಮಾವ ತೀರಿಕೊಂಡಾಗ ಬಿಟ್ಟುಹೋದದ್ದು ಇಬ್ಬರು ಮಕ್ಕಳು ಮತ್ತು ಒಂದು ಸೈಕಲ್. ಹಾಗಾಗಿ ಯಾರಿಗೆ ಏನು ಕೊಡಬೇಕೆಂದು ಹೇಳುವ ಹಕ್ಕು ಅವರಿಗೆ ಪೂರ್ತಿಯಾಗಿತ್ತು. ಅದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹಿಂಕೋಣೆಯಲ್ಲಿ ಕೂತು ಕೂತು ನನ್ನ ಕೂದಲು ಬೆಳ್ಳಗಾಗಿದೆ. ಎರಡು ಜೋಡಿ ಹಾಸಿಗೆಗಳನ್ನು ಒಟ್ಟಿಗೆ ಹರಡಿದರೂ ಸುತ್ತ ಓಡಾಡಲು ಜಾಗ ಉಳಿಯುವ ಕೋಣೆ ಅದು. ದಿನವಿಡೀ ಬೆಳಕು ಬರುವ ಒಂದು ಕಿಟಕಿ, ಕೂತ ಕಡೆ ಸವೆದು ನುಣುಪಾದ ನೆಲ. ಬಲ್ಬಿನ ತಂತಿಗೆ ಹತ್ತಿಯ ಎಳೆಗಳು ಸದಾ ಮೀಸೆಯ ಹಾಗೆ ಜೋತುಬಿದ್ದಿರುತ್ತವೆ. ಹಿಂಬಾಗಿಲು ತೆರೆದರೆ ಮಂದಿರದ ಪಕ್ಕದ ಅಂಗಳ. ಅವರ ಪ್ರಾರ್ಥನೆ ನಮಗೆ ಕೇಳುತ್ತದೆ, ನಾವು ಹತ್ತಿ ಬಡಿಯುವ ಕೋಲಿನ ಸದ್ದು ಅವರಿಗೆ. ಕಿಟಕಿಯ ಕೆಳಗೆ ಎರಡನೆಯ ಹೊಲಿಗೆ ಯಂತ್ರ ಹಾಕಿಸಿ, ಕುರ್ಚಿ ಸೋಫಾಗಳ ಮೆತ್ತೆ ಕೆಲಸ ಶುರುಮಾಡಬೇಕೆಂದು ನಾನು ಎಷ್ಟೋ ಸಲ ಕಣ್ಣಲ್ಲೇ ಅಳತೆ ಹಾಕಿದ್ದೆ. ಕೋಣೆ ನಿನಗೆ ಎಂದು ಅತ್ತೆ ಯಾವತ್ತೂ ಹೇಳಿರಲಿಲ್ಲ ನಿಜ. ಹೇಳಬೇಕಾದ್ದೇ ಇಲ್ಲ ಎಂದು ನಾನು ನಂಬಿದ್ದೆ. ಬಚ್ಚಲಲ್ಲಿ ನೇತುಹಾಕಿದ ಟವೆಲು ಯಾರದೆಂದು ಮನೆಯಲ್ಲಿ ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೇ?

ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸದಲ್ಲಿರುವವರು. ಬೇರೆಯವರ ಮಾತನ್ನು ದಿನವಿಡೀ ಓದಿ ಸಾಕಾಗಿ, ಸ್ವಂತ ಮಾತನ್ನು ಅಕ್ಷರಕ್ಕಿಷ್ಟು ಎಂದು ದರ ಕಟ್ಟಿದವರಂತೆ ಆಡುತ್ತಾರೆ.

"ಅಮ್ಮನ ಕೋಣೆ," ಅಂದರು.

"ನನ್ನ ಕೆಲಸ?"

"ಕೇಳು."

"ಯಾರನ್ನ?"

"ಅಮ್ಮನ್ನ."

ಕೇಳುವುದು ಅಷ್ಟು ಸುಲಭವಾಗಿದ್ದರೆ ಇವರಿಗೆ ಯಾಕೆ ಹೇಳುತ್ತಿದ್ದೆ? ಕೇಳಿದರೆ, ಇಷ್ಟು ವರ್ಷ ಆ ಹಿರಿಯ ಜೀವದ ಜೊತೆ ದಬ್ಬಣ ಹಿಡಿದದ್ದು ಕೋಣೆಯ ಆಸೆಗೆ ಎಂದಾಗುತ್ತದೆ. ಅದು ಸುಳ್ಳು. ಆದರೆ ಕೋಣೆಯ ಆಸೆ ಇಲ್ಲವೆಂದರೂ ಸುಳ್ಳೇ. ಈ ಎರಡರ ನಡುವೆ ನಾನು ಆ ವಾರವೆಲ್ಲ ಹತ್ತಿ ಹಿಂಜಿದೆ.

ಭಾನುವಾರ ಮೈದುನ ಊಟಕ್ಕೆ ಬಂದ. ದೊಡ್ಡ ಬೀದಿಯಲ್ಲಿ ಅವನದು ರೆಡಿಮೇಡ್ ಫೋಮ್ ಹಾಸಿಗೆಗಳ ಅಂಗಡಿ. ಅದನ್ನು ತೆರೆದ ದಿನವೇ ಅತ್ತೆ ಅವನಿಗೆ ಸ್ಪಂಜು ಎಂದು ಹೆಸರಿಟ್ಟರು. ಅವನ ಹೆಂಡತಿಯೂ ಈಗ ಹಾಗೆಯೇ ಕರೆಯುತ್ತಾಳೆ. ದನಿ ದೊಡ್ಡದು, ಮನಸ್ಸು ಮೆತ್ತಗೆ. ಆ ಹೆಸರು ಅವನಿಗೆ ಒಪ್ಪುತ್ತದೆ ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ. ಹಿಂಕೋಣೆ ಹೋದರೆ ಮುಂದಿನ ಅಂಗಡಿ ಕೈಕಾಲಿಲ್ಲದ ಮುಂಡದ ಹಾಗಾಗುತ್ತದೆ ಎಂದು ಅವನು ವಾದಿಸಿದ. ತನ್ನ ಸರಕು ಇಡುವುದಕ್ಕೆ ಜಾಗ ಸಾಲದೆ ಹಾಸಿಗೆಗಳನ್ನು ಮನೆಯ ಹಜಾರದಲ್ಲಿ ಒಟ್ಟಿಕೊಂಡಿರುವುದನ್ನೂ, ಟೀವಿ ನೋಡಲು ಅವುಗಳ ಮೇಲೆ ಹತ್ತಿ ಕೂರಬೇಕಾಗಿರುವುದನ್ನೂ ವಿವರಿಸಿದ. ಅತ್ತೆ ಹಾಗಿದ್ದರೆ ನಿದ್ದೆ ಚೆನ್ನಾಗಿ ಬರುತ್ತಿರಬೇಕಲ್ಲ ಅಂದರು.

"ದೇವರಿಗೆ ಏನಮ್ಮ ಕಮ್ಮಿ?" ಅಂದ ಕೊನೆಗೆ. "ಅಷ್ಟು ದೊಡ್ಡ ಮಂದಿರ ಇದೆ. ಅವನಿಗೆ ನಿನ್ನ ಹಿಂಕೋಣೆ ಬೇಕಾ?"

"ಅವನಿಗೆ ಬೇಡ. ನನಗೆ ಕೊಡಬೇಕು."

"ಅತ್ತಿಗೆ, ನೀವಾದ್ರೂ ಹೇಳಿ. ಅಲ್ಲಿ ಕೂತು ಬೆನ್ನು ಮುರ್ಕೊಂಡಿರೋದು ನೀವು. ನನಗೆ ಬೇಡ ಅಂದ್ರೆ ಬಿಡಲಿ, ನಿಮಗಾದ್ರೂ ಬರೀಲಿ."

ಎಲ್ಲರೂ ನನ್ನ ಕಡೆ ನೋಡಿದರು. ಅತ್ತೆಯೂ ನೋಡಿದರು. ಪೊರೆ ಬಂದ ಕಣ್ಣಿಗೆ ಏನು ಕಾಣುತ್ತದೆಂದು ಹೇಳುವುದು ಕಷ್ಟ. ನಾನು ಹೇಳಬೇಕೆಂದಿದ್ದ ಮಾತನ್ನೇ ಅವನು ಹೇಳಿದ್ದ. ಆದರೆ ಅವನ ಬಾಯಿಂದ ಕೇಳಿದಾಗ ಅದು ಹರಾಜಿನ ಕೂಗಿನಂತಿತ್ತು. ಅನ್ನ ಬಡಿಸಲೇ ಎಂದು ಕೇಳಿ ಒಳಗೆ ಹೋದೆ.

ಲಾಯರಮ್ಮನ ಕಚೇರಿ ಎರಡನೆಯ ಮಹಡಿಯಲ್ಲಿತ್ತು. ಅತ್ತೆ ಮೆಟ್ಟಿಲಿನ ಪ್ರತಿ ತಿರುವಿನಲ್ಲೂ ನಿಂತು, ದಣಿವಾಗಿ ಅಲ್ಲ, ಕಟ್ಟಡ ನೋಡುವುದಕ್ಕೆ ಎಂಬಂತೆ ಕತ್ತೆತ್ತಿ ನೋಡಿದರು. ಒಳಗೆ ಹೋಗಿ ಕೂತವರು ಮೊದಲು ಮಾಡಿದ ಕೆಲಸವೆಂದರೆ ಕುರ್ಚಿಯ ಮೆತ್ತೆಯನ್ನು ಹೆಬ್ಬೆರಳಿಂದ ಒತ್ತಿದ್ದು. ಇದು ಸತ್ತು ಬಹಳ ದಿನವಾಗಿದೆ ಎಂದು ತೀರ್ಪು ಕೊಟ್ಟರು. ಲಾಯರಮ್ಮ ನಗುವ ಹೆಂಗಸು, ನನಗಿಂತ ಹತ್ತು ವರ್ಷವಾದರೂ ಚಿಕ್ಕವಳು. ಪ್ರಶ್ನೆ ಮಾತ್ರ ಒಂದೂ ಬಿಡಲಿಲ್ಲ. ಮಂದಿರ ಯಾವ ಹೆಸರಲ್ಲಿ ನೋಂದಣಿಯಾಗಿದೆ, ಮುಂದೆ ಯಾವತ್ತಾದರೂ ಮಂದಿರವೇ ಮುಚ್ಚಿದರೆ ಕೋಣೆ ಯಾರಿಗೆ ಹೋಗಬೇಕು, ಸಾಕ್ಷಿ ಹಾಕುವವರು ಯಾರು, ಅವರಿಗೆ ಇದರಲ್ಲಿ ಪಾಲೇನೂ ಇಲ್ಲವಷ್ಟೆ. ಸುಮ್ಮನೆ ಕೊಡುತ್ತೀರೋ, ಇಂಥದಕ್ಕೇ ಬಳಸಬೇಕು ಎಂದು ಷರತ್ತು ಹಾಕಿ ಕೊಡುತ್ತೀರೋ ಎಂದಳು.

"ನೆಲ ಇಲ್ಲದ ಹೆಂಗಸರು ಕೂತು ಕೆಲಸ ಮಾಡೋದಕ್ಕೆ," ಅಂದರು ಅತ್ತೆ.

ಅದನ್ನು ನಾನು ಕೇಳಿದ್ದು ಅದೇ ಮೊದಲು. ಲಾಯರಮ್ಮ ಪೆನ್ನು ಕೆಳಗಿಟ್ಟಳು. ಹಾಗಿದ್ದರೆ ಅಂಥ ಹೆಂಗಸರಿಗೇ ಕೊಡಬಹುದಲ್ಲ, ಮಂದಿರಕ್ಕೆ ಯಾಕೆ ಎಂದು ಕೇಳಿದಳು. ಆಗ ಅತ್ತೆ ಹೇಳಿದ ಕತೆಯಲ್ಲಿ ಅರ್ಧ ನನಗೆ ಗೊತ್ತಿತ್ತು. ಮಾವ ಹೋದ ಮೇಲೆ ಅವರು ಬಾಡಿಗೆಗೆ ಹಿಡಿದಿದ್ದು ಒಂದೇ ಕೋಣೆ. ಅಲ್ಲಿ ಜೋಡಿ ಹಾಸಿಗೆಯ ಬಟ್ಟೆ ಹರಡಿದರೆ ಮಕ್ಕಳಿಬ್ಬರೂ ಮಂಚ ಹತ್ತಿ ನಿಲ್ಲಬೇಕಿತ್ತು. ಕೈಯಲ್ಲಿ ಕಸುಬಿದೆ, ಗಿರಾಕಿ ಇದ್ದಾರೆ, ನೆಲ ಇಲ್ಲ. ಕೇಳಿದ ಕಡೆಯೆಲ್ಲ ಇಲ್ಲಮ್ಮ ಎನ್ನುವ ಉತ್ತರ. ಹತ್ತಿ ಹಾರುತ್ತದೆ, ಸದ್ದಾಗುತ್ತದೆ, ಒಂಟಿ ಹೆಂಗಸು ಬೇರೆ.

"ಮಂದಿರ ನೋಡ್ಕೊಳ್ಳೋ ಮುದುಕ ಒಬ್ಬ ಇದ್ದ," ಅಂದರು ಅತ್ತೆ. "ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಸಂಜೆ ತನಕ ಈ ನೆಲ ಸುಮ್ನೆ ಬಿದ್ದಿರುತ್ತೆ, ಹರಡ್ಕೊ ಅಂದ. ನಾನು ಯಾವತ್ತೂ ಅಲ್ಲಿ ಕೈ ಮುಗಿದವಳೇ ಅಲ್ಲ, ಅದನ್ನೂ ಹೇಳ್ದೆ. ಅದಕ್ಕೇನು, ಹೋಗೋವಾಗ ಗುಡಿಸಿ ಹೋಗು ಅಂದ. ಎಷ್ಟೇ ಗುಡಿಸಿದ್ರೂ ಸಂಜೆ ಪ್ರಾರ್ಥನೆಗೆ ಬಂದೋರು ಸೀನೋರು. ಒಬ್ಬರೂ ಹೋಗು ಅನ್ನಲಿಲ್ಲ. ಮಕ್ಕಳು ಬೆಳೆದದ್ದು ಆ ನೆಲದ ಮೇಲೆ ತಾಯಿ, ನನ್ನ ಅಂಗಡಿ ಬೆಳೆದದ್ದೂ ಅಲ್ಲೇ. ಹೆಂಗಸರು ಇವತ್ತಿರ್ತಾರೆ, ನಾಳೆ ಬೇರೆಯೋರು ಬರ್ತಾರೆ. ಮಂದಿರ ಇರುತ್ತೆ. ಅದಕ್ಕೆ ನಾನು ನೆಲ ವಾಪಸ್ ಕೊಡ್ತೀನಿ, ಅದು ಇನ್ನೊಬ್ಬಳಿಗೆ ಕೊಡಲಿ. ಪ್ರಾರ್ಥನೆಗೆ ಬರೋರು ಮತ್ತೆ ಸೀನಲಿ."

ಲಾಯರಮ್ಮ ಎಲ್ಲವನ್ನೂ ಬರೆದುಕೊಂಡಳು. ನಾನು ಕಿಟಕಿಯಾಚೆ ನೋಡುತ್ತ ಕೂತೆ. ನನಗೆ ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು. ಆ ಇನ್ನೊಬ್ಬಳು ಯಾರೋ ಏನೋ, ಮುಖ ಕಾಣದವಳು, ನನ್ನ ಕಿಟಕಿಯ ಕೆಳಗೆ ಕೂರುತ್ತಾಳೆ.

ಬರೆಸಿದ್ದೆಲ್ಲ ಮುಗಿದ ಮೇಲೆ ಅತ್ತೆ ಒಂದು ಬದಿ ಹೊಲಿಯದೆ ಬಿಡಿ ಅಂದರು. ಲಾಯರಮ್ಮನಿಗೆ ತಿಳಿಯಲಿಲ್ಲ. ನಮ್ಮ ಕಸುಬಿನಲ್ಲಿ ಹತ್ತಿ ತುಂಬಿದ ಕೂಡಲೇ ಹಾಸಿಗೆಯ ಬಾಯಿ ಮುಚ್ಚುವುದಿಲ್ಲ. ಒಂದು ಬದಿ ತೆರೆದೇ ಇಟ್ಟು ಗಿರಾಕಿಯನ್ನು ಕರೆದು ಮಲಗಿಸುತ್ತೇವೆ. ಸೊಂಟದ ಹತ್ತಿರ ಕಮ್ಮಿಯೆಂದರೆ ತುಂಬುತ್ತೇವೆ, ತಲೆಯ ಕಡೆ ಹೆಚ್ಚೆಂದರೆ ತೆಗೆಯುತ್ತೇವೆ. ಗಿರಾಕಿ ಸರಿ ಅಂದ ಮೇಲೆಯೇ ಹೊಲಿಗೆ. ನಾನು ಇದನ್ನು ವಿವರಿಸಿದಾಗ ಲಾಯರಮ್ಮ ಮನಸಾರೆ ನಕ್ಕಳು. ವಿಲ್ಲಿನಲ್ಲಿ ಖಾಲಿ ಜಾಗ ಬಿಡುವಂತಿಲ್ಲ, ಆದರೆ ನೀವು ಇರುವ ತನಕ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಕೊನೆಯಲ್ಲಿ ಬರೆಸಿದ್ದೇ ನಡೆಯುತ್ತದೆ ಎಂದು ತಿಳಿಸಿದಳು. ಅತ್ತೆಗೆ ಅದು ತುಂಬ ಹಿಡಿಸಿತು. ಕರಡು ಸಿದ್ಧವಾಗಲಿ, ಆಪರೇಷನ್ ಮುಗಿಸಿ ಬಂದು ಸಹಿ ಹಾಕುತ್ತೇನೆ ಎಂದರು.

ಆದರೂ ಕಸುಬಿನ ಬುದ್ಧಿ ಎಲ್ಲಿಗೆ ಹೋದೀತು? ಮಲಗಿ ನೋಡದೆ ಹಾಸಿಗೆ ಒಯ್ದ ಗಿರಾಕಿಯನ್ನು ಅವರು ಜನ್ಮದಲ್ಲಿ ಕಂಡಿರಲಿಲ್ಲ. ಆಪರೇಷನ್ನಿಗೆ ಹೋಗುವ ಮುಂಚೆ ಹಿಂಕೋಣೆಯನ್ನು ಖಾಲಿ ಮಾಡಿಸಿ, ತೊಳೆಸಿ, ಬೀಗದ ಕೈಯನ್ನು ಮಂದಿರದ ಕಾರ್ಯದರ್ಶಿಗಳ ಕೈಗೆ ಕೊಟ್ಟರು. ಸ್ವಲ್ಪ ದಿನ ಬಳಸಿ ನೋಡಿ ಎಂದು ಹೇಳಿ ಬಂದರು. ಅಷ್ಟೇ ಹೇಳಿದ್ದು. ಯಾತಕ್ಕೆ ಎಂದು ಅತ್ತೆಯೂ ಹೇಳಲಿಲ್ಲ, ಕಾರ್ಯದರ್ಶಿಗಳೂ ಕೇಳಲಿಲ್ಲ. ಮಲಗುವುದು ಹೇಗೆಂದು ಗಿರಾಕಿಗೆ ಕಲಿಸುವ ಪದ್ಧತಿ ನಮ್ಮಲ್ಲಿಲ್ಲ.

ನಮ್ಮ ಕೆಲಸ ಮುಂದಿನ ಅಂಗಡಿಗೆ ಬಂತು. ದಿಂಬುಗಳ ನಡುವೆ ಜೋಡಿ ಹಾಸಿಗೆ ಹರಡಿದರೆ ಗಿರಾಕಿಗೆ ನಿಲ್ಲಲು ಜಾಗವಿಲ್ಲ, ಗಿರಾಕಿ ಬಂದರೆ ಹಾಸಿಗೆ ಮಡಿಸಬೇಕು. ಆಪರೇಷನ್ ಮುಗಿಸಿ ಬಂದ ಅತ್ತೆ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು ಮೂಲೆಯಲ್ಲಿ ಕೂತು ದಾರ ಮೇಣಕ್ಕೆ ತಿಕ್ಕುತ್ತಿದ್ದರು. ಒಂದು ದಿನ ಉದ್ದದ ದಬ್ಬಣ ಹಿಂಕೋಣೆಯ ಗೂಡಿನಲ್ಲೇ ಉಳಿದಿರುವುದು ನೆನಪಾಗಿ ತರಲು ಹೋದೆ. ಬಾಗಿಲು ಅರ್ಧ ತೆರೆದು ನಿಂತಿತ್ತು. ಒಳಗೆ ಮಂದಿರದ ಹಳೆಯ ಕುರ್ಚಿಗಳನ್ನು ಸೂರಿನ ತನಕ ಒಟ್ಟಿದ್ದರು, ಕಾಲು ಮೇಲೆ ಮಾಡಿ. ಕುರ್ಚಿಗಳ ಸಂದಿಯಲ್ಲಿ ಕೆಟ್ಟುಹೋದ ಧ್ವನಿಪೆಟ್ಟಿಗೆ, ಇಲಿ ಕಡಿದ ಜಮಖಾನೆ. ಕಿಟಕಿಗೆ ಒಂದು ಮುರಿದ ಕಪಾಟು ಅಡ್ಡ ನಿಂತು ಬೆಳಕಿನ ದಾರಿಯನ್ನು ಮುಚ್ಚಿತ್ತು.

ಸಿಟ್ಟು ಬರಬೇಕಿತ್ತು. ಬರಲಿಲ್ಲ. ಗೆದ್ದೆ ಎನ್ನುವ ಭಾವ ಬಂತು. ಆ ಸಂತೋಷ ಮುಖದಲ್ಲಿ ಕಾಣಿಸದಂತೆ ಎಚ್ಚರ ವಹಿಸಿ, ಅತ್ತೆಯನ್ನು ಕೈಹಿಡಿದು ಕರೆತಂದು ತೋರಿಸಿದೆ. ಹೊಸ ಕಣ್ಣಿನಿಂದ ಅವರು ಮೊದಲು ಸ್ಪಷ್ಟವಾಗಿ ನೋಡಿದ ವಸ್ತುಗಳಲ್ಲಿ ಅದೊಂದು. ಒಂದು ಕುರ್ಚಿಯ ಕಾಲನ್ನು ಬೆರಳಿಂದ ಒರೆಸಿ, ಧೂಳು ನೋಡಿ, ಸೆರಗಿಗೆ ಒರೆಸಿಕೊಂಡು ತಿರುಗಿ ನಡೆದರು.

ಸಂಜೆ ಇಕ್ಕಟ್ಟಿನಲ್ಲೇ ಒಂದು ಹಾಸಿಗೆ ನಿಲ್ಲಿಸಿ ಗಂಟು ಹಾಕುತ್ತಿದ್ದೆವು.

"ನಾಳೆ ಲಾಯರಮ್ಮನ ಹತ್ರ ಹೋಗಿ ಬದಲಾಯ್ಸಿ ಬರೋಣ," ಅಂದರು ಆ ಬದಿಯಿಂದ. "ಕೋಣೆ ನಿನ್ನ ಹೆಸರಿಗೇ ಇರಲಿ."

ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದರೆ ಚೆನ್ನಾಗಿತ್ತು. ನಾನು ಬಯಸಿದ್ದು ಅದೇ, ಕೇಳದೆಯೇ ಸಿಕ್ಕಿತು. ಆದರೆ ಬೇರೆಯವರ ಅಳತೆಗೆ ಹೊಲಿದು, ಅವರು ಬೇಡವೆಂದು ವಾಪಸು ಮಾಡಿದ ಹಾಸಿಗೆಯನ್ನು ನನ್ನ ಬೆನ್ನಿಗೆ ಹೊರಿಸಿದ ಹಾಗಿತ್ತು. ನೋಡೋಣ ಬಿಡಿ ಅತ್ತೆ ಎಂದೆ.

ಮರುದಿನ ಬೆಳಿಗ್ಗೆ ನಾವು ಹೊರಡುವಾಗ ಅಂಗಡಿಯ ಬಾಗಿಲಿಗೆ ಒಂದು ದೊಡ್ಡ ಬಟ್ಟೆಗಂಟು ಬಂದು ನಿಂತಿತು. ಗಂಟಿನ ಕೆಳಗೆ ಒಬ್ಬ ಹೆಂಗಸು ಇರುವುದು ಕಂಡದ್ದು ಆಮೇಲೆ. ಅವಳು ನಾಟಕ ಆಡುವ ಸಭಾಂಗಣಗಳಿಗೆ ಪರದೆ ಹೊಲಿಯುವವಳು. ತನ್ನ ಕಟ್ಟಡದ ಮೆಟ್ಟಿಲ ತಿರುವಿನ ಜಾಗದಲ್ಲಿ ಬಟ್ಟೆ ಹರಡಿಕೊಂಡು ಹೊಲಿಯುತ್ತಿದ್ದಳಂತೆ. ಮೇಲಿನ ಮನೆಯವರು ದಾಟಿ ಹೋಗುವಾಗ ತುಳಿದು, ಕಳೆದ ಸಲದ ಪರದೆಯ ಮೇಲೆ ಯಾರದೋ ಬೂಟಿನ ಗುರುತು ಮೂಡಿ, ಸಭಾಂಗಣದವರು ಅದನ್ನು ಅವಳ ಮುಖಕ್ಕೆ ಎಸೆದಿದ್ದರು. ಕಣ್ಣಿನ ಆಸ್ಪತ್ರೆಯಲ್ಲಿ ಅವಳ ತಾಯಿಯ ಪಕ್ಕದ ಮಂಚದಲ್ಲಿದ್ದ ಅತ್ತೆ ಬಾ ಎಂದಿದ್ದರಂತೆ.

"ನೆಲ ಇದೆ ಅಂದಿದ್ರಿ ಅಜ್ಜಿ," ಅಂದಳು. ಗಂಟು ಇಳಿಸಲು ಜಾಗ ಹುಡುಕುತ್ತಿದ್ದಳು.

ಅತ್ತೆ ಹಿಂಕೋಣೆಯ ಕಡೆ ತಿರುಗಿ ನೋಡಿದರು. ಅವರು ಏನು ಹೇಳಬೇಕಾಗಿದೆಯೆಂದು ನನಗೆ ಗೊತ್ತಾಯಿತು. ಇಲ್ಲಮ್ಮ. ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಬೀದಿ ಬೀದಿ ಅಲೆಯುವಾಗ ಅವರು ಕೇಳಿಸಿಕೊಂಡ ಮಾತು ಅದು. ಈಗ ಅವರೇ ಅದನ್ನು ಇನ್ನೊಬ್ಬಳಿಗೆ ಹೇಳಬೇಕು, ಅದೂ ತಮ್ಮದೇ ಅಂಗಡಿಯ ಹೊಸ್ತಿಲಲ್ಲಿ ನಿಂತು.

"ಇದೆ," ಅಂದೆ ನಾನು. "ಸ್ವಲ್ಪ ಕುರ್ಚಿ ಎತ್ತಬೇಕು. ಕೈ ಹಾಕ್ತೀರಾ?"

ಹಿಂಬಾಗಿಲು ತೆರೆದೆವು. ಅಂಗಳ ದಾಟಿ ಕುರ್ಚಿಗಳನ್ನು ಮಂದಿರದ ಸಭಾಂಗಣಕ್ಕೆ ಹೊತ್ತು ಹಾಕಿದೆವು. ಬಿಸಾಡಲಿಲ್ಲ, ಪ್ರಾರ್ಥನೆಗೆ ಜೋಡಿಸುವ ಹಾಗೆ ಸಾಲಾಗಿ ಜೋಡಿಸಿದೆವು. ಮೂರು ಕಾಲಿನವು ಮುಂದಿನ ಸಾಲಿಗೆ, ಬೆನ್ನಿಲ್ಲದವು ಅದರ ಹಿಂದೆ. ಧ್ವನಿಪೆಟ್ಟಿಗೆಗೆ ಗೌರವದಿಂದ ವೇದಿಕೆಯ ಮೇಲೆ ಜಾಗ ಕೊಟ್ಟೆವು. ಪರದೆಯವಳ ತೋಳು ನನ್ನ ತೋಳಿನಂಥದೇ, ಭಾರ ಎತ್ತಿ ಬಲಿತದ್ದು. ಕಪಾಟನ್ನು ಅವಳೊಬ್ಬಳೇ ಬೆನ್ನಮೇಲೆ ತಂದಳು. ಸದ್ದು ಕೇಳಿ ಕಾರ್ಯದರ್ಶಿಗಳು ಓಡಿಬಂದರು. ಒಳ್ಳೆಯ ಮನುಷ್ಯ, ಯಾವಾಗಲೂ ಜೇಬಿನ ಪೆನ್ನು ಮುಟ್ಟಿ ನೋಡಿಕೊಳ್ಳುತ್ತಿರುತ್ತಾರೆ. ಅವತ್ತೂ ಮುಟ್ಟಿಕೊಂಡರು.

"ಏನಮ್ಮ ಇದೆಲ್ಲ?"

"ಮಂದಿರದ ಕುರ್ಚಿ ಸ್ವಾಮಿ, ಮಂದಿರಕ್ಕೆ ಬಂದಿವೆ."

"ನಿಮ್ಮ ಅತ್ತೆ ಕೋಣೆ ಕೊಟ್ಟಿದ್ದಾರಲ್ಲ ನಮಗೆ."

"ಇನ್ನೂ ಕೊಟ್ಟಿಲ್ಲ. ಮಲಗಿ ನೋಡಿ ಅಂದಿದ್ರು. ನೀವು ಕುರ್ಚಿಗಳನ್ನ ಮಲಗಿಸಿದ್ರಿ."

ಪರದೆಯವಳು ಬಾಯಿಗೆ ಕೈ ಅಡ್ಡ ಹಿಡಿದು ಆಚೆ ತಿರುಗಿದಳು. ಕಾರ್ಯದರ್ಶಿಗಳು ಬೇಸರ ಮಾಡಿಕೊಂಡರು. ಖಾಲಿ ಕೋಣೆಯ ಬೀಗದ ಕೈ ಕೊಟ್ಟರೆ ಯಾರಾದರೂ ಏನು ಮಾಡುತ್ತಾರೆ, ಯಾತಕ್ಕೆಂದು ನಮಗೆ ಯಾರು ಹೇಳಿದರು ಎಂದು ಕೇಳಿದರು. ಅದು ನ್ಯಾಯವಾಗಿಯೇ ಇತ್ತು. ಅಷ್ಟರಲ್ಲಿ ಅತ್ತೆ ಕಪ್ಪು ಕನ್ನಡಕದಲ್ಲಿ ಹಿಂಬಾಗಿಲ ಹತ್ತಿರ ಬಂದು ನಿಂತಿದ್ದರು. ನಾನು ಇಬ್ಬರಿಗೂ ಕೇಳುವ ಹಾಗೆ, ಬೆವರು ಒರೆಸಿಕೊಳ್ಳುತ್ತ, ಹೇಳಬೇಕಾದ್ದನ್ನು ಹೇಳಿಬಿಟ್ಟೆ.

"ಕೋಣೆ ನನಗೆ ಬೇಡ ಅತ್ತೆ. ಬೇಕು ಅಂತ ಇತ್ತು, ಇಲ್ಲ ಅನ್ನಲ್ಲ. ಮಂದಿರಕ್ಕೇ ಬರೀರಿ. ಆದರೆ ಅಲ್ಲಿ ಯಾರು ಕೂತು ಕೆಲಸ ಮಾಡಬೇಕು, ಏನು ಇಡಬೇಕು, ಏನು ಇಡಬಾರದು, ಅದನ್ನ ನಾನು ಹೇಳೋ ಹಾಗಿರಬೇಕು. ನನ್ನ ನಂತರ ಅಲ್ಲಿ ಕೆಲಸ ಮಾಡೋರಲ್ಲೇ ಒಬ್ಬಳು. ಇದು ಇಲ್ದೇ ಇದ್ರೆ ನೀವು ಎಷ್ಟು ಷರತ್ತು ಬರೆಸಿದ್ರೂ ಅದು ಕುರ್ಚಿ ಕೋಣೆನೇ."

ಅತ್ತೆ ಪರದೆಯವಳ ಕಡೆ ತಿರುಗಿ, ಗಂಟು ಬಿಚ್ಚಮ್ಮ, ಬಿಸಿಲಿರೋವಾಗಲೇ ಕತ್ತರಿಸಿಕೋ ಅಂದರು.

ಮಂದಿರದ ಸಮಿತಿ ಎರಡು ಸಲ ಸಭೆ ಸೇರಿತು. ಹೊರಗಿನ ಹೆಂಗಸಿನ ಕೈಗೆ ಮಂದಿರದ ಸೊತ್ತಿನ ಉಸ್ತುವಾರಿ ಕೊಡುವುದು ಹೇಗೆಂದು ಒಬ್ಬರು ಕೇಳಿದರಂತೆ. ಇನ್ನೊಬ್ಬರು ಕೋಣೆಗೆ ನಮ್ಮ ಮಾವನ ಹೆಸರಿನ ಫಲಕ ಹಾಕಿಸುವ ಆಸೆ ತೋರಿಸಿದರು. ಫಲಕ ಬೇಡ, ಸುಣ್ಣ ಬಳಿಸುವುದು ತಪ್ಪಿಸಬೇಡಿ ಎಂದು ಅತ್ತೆ ಹೇಳಿಕಳುಹಿಸಿದರು. ನಮ್ಮ ಪರವಾಗಿ ಗಟ್ಟಿಯಾಗಿ ನಿಂತವರು ಕಾರ್ಯದರ್ಶಿಗಳೇ. ಹಿಂಬಾಗಿಲಿಂದ ಇಣುಕಿ, ಕೋಣೆಯ ಈ ಗೋಡೆಯಿಂದ ಆ ಗೋಡೆಯ ತನಕ ಹರಡಿದ ಕೆಂಪು ಪರದೆಯ ಮೇಲೆ ಹೆಂಗಸು ಮೊಣಕಾಲೂರಿ ಹೊಲಿಯುತ್ತಿರುವುದನ್ನು ನೋಡಿದ ಮೇಲೆ ಅವರಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಕೊನೆಗೆ ಎಲ್ಲ ಕೂಡಿಬಂತು. ಕೋಣೆ ಮಂದಿರದ್ದು, ರಿಪೇರಿ ಮಂದಿರದ್ದು, ಮಾರುವ ಹಾಗಿಲ್ಲ. ಯಾವುದೇ ಸಾಮಾನು ಸರಂಜಾಮು ಶೇಖರಿಸಕೂಡದು ಎಂದು ಲಾಯರಮ್ಮ ಹಾಕಿದ್ದಳು. ಅತ್ತೆ ಅದರ ಪಕ್ಕದಲ್ಲಿ 'ಮುಖ್ಯವಾಗಿ ಕುರ್ಚಿ' ಎಂದು ಸೇರಿಸುವ ತನಕ ಬಿಡಲಿಲ್ಲ.

ನಾನು ನನ್ನ ಯಂತ್ರವನ್ನು ಮುಂದಿನ ಅಂಗಡಿಯಲ್ಲಿ, ರಸ್ತೆಯ ಕಡೆಗೆ ಹಾಕಿಸಿಕೊಂಡೆ. ಇಕ್ಕಟ್ಟೇ. ಆದರೆ ಹೋಗಿಬರುವವರು ಮೆತ್ತೆ ಹೊಲಿಯುವುದನ್ನು ನಿಂತು ನೋಡುತ್ತಾರೆ, ನೋಡಿದವರಲ್ಲಿ ಕೆಲವರು ಮನೆಗೆ ಹೋಗಿ ಕುರ್ಚಿ ತರುತ್ತಾರೆ. ಜೋಡಿ ಹಾಸಿಗೆ ಬಂದ ದಿನ ಹಿಂಕೋಣೆಗೆ ಹೋಗಿ ಪರದೆಯವಳಿಗೆ ಸ್ವಲ್ಪ ಸರಿದುಕೊಳ್ಳಿ ಎನ್ನುತ್ತೇನೆ. ಸರಿದುಕೊಳ್ಳುತ್ತಾಳೆ.

ನೋಂದಣಿಯ ದಿನ ಸ್ಪಂಜು ತನ್ನ ಸರಕಿನ ವ್ಯಾನಿನಲ್ಲಿ ನಮ್ಮನ್ನು ಕರೆದುಕೊಂಡು ಹೋದ. ಅತ್ತೆ ಮುಂದೆ ಕೂತರು. ನಾನು ಮತ್ತು ನನ್ನ ಗಂಡ ಹಿಂದೆ, ಪ್ಲಾಸ್ಟಿಕ್ ಸುತ್ತಿದ ಫೋಮ್ ಹಾಸಿಗೆಗಳ ಮೇಲೆ. ಪ್ರತಿ ಹಳ್ಳಕ್ಕೂ ನಾವು ಚಿಮ್ಮಿ ಬೀಳುತ್ತಿದ್ದೆವು.

"ಅತ್ತಿಗೆ," ಎಂದು ಅವನು ಮುಂದಿನಿಂದಲೇ ಹೇಳಿದ, "ಅಮ್ಮನಿಗೆ ತಲೆ ಕೆಟ್ಟಿದೆ ಅಂದ್ಕೊಂಡಿದ್ದೆ. ಕೈಗೆ ಬಂದಿದ್ದನ್ನ ಬಿಟ್ರಲ್ಲ, ನಿಮಗೆ ಇನ್ನೂ ಜಾಸ್ತಿ ಕೆಟ್ಟಿದೆ."

"ರಸ್ತೆ ನೋಡು," ಅಂದರು ನನ್ನ ಗಂಡ. ಅವರ ಲೆಕ್ಕದಲ್ಲಿ ಅದು ಭಾಷಣ.

ಕಚೇರಿಯಲ್ಲಿ ಗುಮಾಸ್ತ ಉಯಿಲನ್ನು ಗಟ್ಟಿಯಾಗಿ ಓದಿದ. ಸಾಕ್ಷಿಗಳಾಗಿ ಬಂದಿದ್ದ ಔಷಧಿ ಅಂಗಡಿಯವರೂ ಲಾಯರಮ್ಮನ ಸಹಾಯಕಿಯೂ ಪಕ್ಕದಲ್ಲಿ ನಿಂತಿದ್ದರು. ಅತ್ತೆ ಕಣ್ಣು ಮುಚ್ಚಿ, ಕೈ ಮೇಜಿನ ಮೇಲಿಟ್ಟು ಕೇಳುತ್ತಿದ್ದರು. ಸದರಿ ಕೋಣೆಯ ಉಸ್ತುವಾರಿಗೆ ನನ್ನ ಹಿರಿಯ ಸೊಸೆ, ಎಂದು ಓದಿ ನನ್ನ ಹೆಸರು, ವಯಸ್ಸು ಹೇಳಿ, ವೃತ್ತಿ ಗೃಹಿಣಿ ಎಂದು ಮುಂದುವರಿಯುತ್ತಿದ್ದ.

"ನಿಲ್ಲಿ," ಅಂದರು ಅತ್ತೆ. "ಅದು ಯಾರು ಹೇಳಿದ್ದು?"

"ಯಾವುದಮ್ಮ?"

"ಗೃಹಿಣಿ ಅಂತ."

ಹೆಂಗಸರಿಗೆ ಸಾಮಾನ್ಯವಾಗಿ ಹಾಗೆಯೇ ಹಾಕುವುದು ಎಂದ ಗುಮಾಸ್ತ. ಲಾಯರಮ್ಮ ತಲೆ ತಗ್ಗಿಸಿ ತನ್ನ ಪ್ರತಿಯನ್ನು ಹುಡುಕಿದಳು.

"ಇವಳು ಹಾಸಿಗೆ ಮಾಡೋಳು," ಅಂದರು ಅತ್ತೆ. ಆ ಕಚೇರಿಯಲ್ಲಿ ಬೇರೆ ಮೇಜುಗಳವರೂ ತಿರುಗಿ ನೋಡುವಷ್ಟು ಗಟ್ಟಿಯಾಗಿ. "ಕಸುಬು ನಾನು ಕಲಿಸಿದ್ದು ಹೌದು, ಈಗ ನನಗಿಂತ ಚೆನ್ನಾಗಿ ಮಾಡ್ತಾಳೆ. ಈ ಪೇಟೇಲಿ ಹತ್ತಿ ಕೈಯಲ್ಲಿ ಹಿಡಿದು ಇದು ಎಷ್ಟು ವರ್ಷ ಬಾಳುತ್ತೆ ಅಂತ ಹೇಳೋಳು ಇವಳೊಬ್ಬಳೇ. ಅದನ್ನ ಬರೀರಿ."

ಅಷ್ಟೆಲ್ಲ ಬರೆಯಲು ಜಾಗವಿಲ್ಲ ಎಂದ ಗುಮಾಸ್ತ. ಜಾಗ ಇರೋಷ್ಟು ಬರೀರಿ, ನಾನು ಕೂತಿರ್ತೀನಿ ಎಂದರು ಅತ್ತೆ. ನಾನು ಇಷ್ಟು ವರ್ಷದಲ್ಲಿ ಅವರ ಬಾಯಿಂದ ಕೇಳಿದ್ದ ಅತಿ ದೊಡ್ಡ ಹೊಗಳಿಕೆಯೆಂದರೆ ಪರವಾಗಿಲ್ಲ. ಈಗ ಎಲ್ಲಿ ನೋಡಬೇಕೆಂದು ತಿಳಿಯದೆ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ. ಹೋದ ವರ್ಷದ್ದು ಅದು.

ಕೆಳಗಿನ ಟೈಪಿಂಗ್ ಅಂಗಡಿಯಿಂದ ಆ ಪುಟ ಹೊಸದಾಗಿ ಬರುವ ತನಕ ನಾವು ಬೆಂಚಿನ ಮೇಲೆ ಕಾದೆವು. ಬಂದ ಮೇಲೆ ನನ್ನ ಗಂಡ ಅದನ್ನು ಇಸಿದುಕೊಂಡು, ಮುದ್ರಣಾಲಯದಲ್ಲಿ ನೋಡುವ ಹಾಗೆ ಬೆರಳಿಟ್ಟು ಓದಿದರು. ವೃತ್ತಿ: ಹಾಸಿಗೆ ತಯಾರಿಕೆ. ಸರಿ ಇದೆ ಎಂದು ಅಮ್ಮನ ಮುಂದಿಟ್ಟರು. ಅತ್ತೆ ಕನ್ನಡಕ ತೆಗೆದು, ಕಾಗದವನ್ನು ಹೊಸ ಕಣ್ಣಿಗೆ ಹತ್ತಿರ ಹಿಡಿದು, ತಾವೂ ಒಮ್ಮೆ ಓದಿ, ಪ್ರತಿ ಪುಟಕ್ಕೂ ಸಹಿ ಮಾಡಿದರು. ಸಾಕ್ಷಿಗಳು ಮಾಡಿದರು. ಉಸ್ತುವಾರಿ ವಹಿಸಿಕೊಳ್ಳಲು ಒಪ್ಪಿದ್ದೇನೆ ಎಂಬ ಬೇರೆ ಹಾಳೆಯನ್ನು ಗುಮಾಸ್ತ ನನ್ನ ಕಡೆ ತಳ್ಳಿ, ಇಲ್ಲಿ ಒಂದು ಚಿಕ್ಕ ಸಹಿ ಸಾಕು ಅಂದ.

ನಾನು ನನ್ನ ಪೂರ್ತಿ ಹೆಸರು ಬರೆದೆ, ಒಂದೊಂದೇ ಅಕ್ಷರ. ಅವನು ಕಾದ.